ರಕ್ತ ಕೊಟ್ಟವಳಿಗೆ ಲೆಕ್ಕ ಕೊಡಿ

ಹೋದ ಚಳಿಗಾಲದಲ್ಲಿ ಒಂದು ದಿನ ನಾನು ಇಳಕಲ್ ಸೀರೆ ಉಟ್ಟು, ಹೂ ಮುಡಿದು ಕಲಬುರಗಿಯ ಒಂದು ದೊಡ್ಡ ಸಭಾಂಗಣಕ್ಕೆ ಹೋಗಿದ್ದೆ. ಅಲ್ಲಿ ಮದುವೆಯೂ ಇರಲಿಲ್ಲ, ಕುಬಸವೂ ಇರಲಿಲ್ಲ. ವೈದ್ಯಕೀಯ ಓದುತ್ತಿರುವ ನನ್ನ ಮಗಳು ಮತ್ತು ಅವಳ ಮೂವರು ಗೆಳತಿಯರು ತಾವು ಮಾಡಿದ ಸಂಶೋಧನೆಯ ಪೋಸ್ಟರನ್ನು ಅಲ್ಲಿ ಪ್ರದರ್ಶಿಸುವವರಿದ್ದರು. ಹೆತ್ತವಳಿಗೆ ಅದು ಮದುವೆಗಿಂತ ಕಡಿಮೆಯ ಸಂಭ್ರಮವೇ?

ಸಭಾಂಗಣದ ತುಂಬ ಸಾಲುಸಾಲಾಗಿ ಹಲಗೆಗಳು. ಹಲಗೆಗೊಂದು ಫ್ಲೆಕ್ಸು. ಪ್ರತಿ ಫ್ಲೆಕ್ಸಿನ ಪಕ್ಕದಲ್ಲೂ ಇಸ್ತ್ರಿ ಮಾಡಿದ ಬಿಳಿ ಕೋಟು ತೊಟ್ಟ ಮಕ್ಕಳು. ವೈದ್ಯಕೀಯದವರು, ದಂತವೈದ್ಯಕೀಯದವರು, ನರ್ಸಿಂಗ್‌ನವರು, ಫಾರ್ಮಸಿಯವರು ಎಲ್ಲರೂ ಇದ್ದರು. ತೀರ್ಪುಗಾರರು ಕೈಯಲ್ಲಿ ಅಂಕಪಟ್ಟಿ ಹಿಡಿದು ಒಂದೊಂದರ ಮುಂದೆ ಐದು ನಿಮಿಷ ನಿಂತು ಪ್ರಶ್ನೆ ಕೇಳಿ ಮುಂದೆ ಸಾಗುತ್ತಿದ್ದರು. ನನ್ನ ಮಗಳ ಗುಂಪಿನ ವಿಷಯ ಕಮಲಾಪುರದ ಹೆಣ್ಣುಮಕ್ಕಳ ರಕ್ತಹೀನತೆ. ಕಮಲಾಪುರವೆಂದರೆ ನನ್ನ ತವರು. ಫ್ಲೆಕ್ಸಿನ ಮೂಲೆಯಲ್ಲಿ ಅಂದಕ್ಕೆಂದು ಊರಿನ ಕೆಂಪು ಬಾಳೆಗೊನೆಯ ಚಿತ್ರ ಹಾಕಿದ್ದರು. ಉಳಿದದ್ದೆಲ್ಲ ಇಂಗ್ಲಿಷು, ಬಣ್ಣದ ಕಂಬಗಳು, ಕೋಷ್ಟಕಗಳು, ಚಿಕ್ಕ ಅಕ್ಷರದ ಸಾಲುಗಳು.

ನಾನು ಹೆಮ್ಮೆಯಿಂದ ನೋಡುತ್ತ ನಿಂತಿದ್ದಾಗ ಸಭಾಂಗಣ ಗುಡಿಸುವ ಹೆಣ್ಣುಮಗಳೊಬ್ಬಳು ಕಸಬರಿಗೆ ಹಿಡಿದುಕೊಂಡೇ ಪಕ್ಕಕ್ಕೆ ಬಂದಳು.

"ಅಕ್ಕೋರೆ, ಇದು ಕಮಲಾಪುರದ ಬಾಳಿಹಣ್ಣು ಅಲ್ಲೇನ್ರಿ? ಹಣ್ಣಿಗಿ ಏನರೆ ರೋಗ ಬಂದದೇನ್ರಿ?"

"ಹಣ್ಣಿಗಲ್ಲವ್ವ, ಹೆಣ್ಣಿಗೆ" ಎಂದೆ. ನನ್ನ ಜಾಣತನಕ್ಕೆ ನಾನೇ ನಕ್ಕೆ. ಅವಳು ನಗಲಿಲ್ಲ.

"ಹೌದಾ? ಮತ್ತ ಏನ್ ಮಾಡಬೇಕಂತ ಬರದಾರ್ರಿ?"

ಇಪ್ಪತ್ತೇಳು ವರ್ಷಗಳಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿರುವ ನಾನು ಆ ಫ್ಲೆಕ್ಸನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಯಾರಿಗೆ ಎಷ್ಟು ರಕ್ತ ಕಡಿಮೆ, ಯಾವ ವಯಸ್ಸಿನವರಲ್ಲಿ ಹೆಚ್ಚು, ಯಾವ ಲೆಕ್ಕಶಾಸ್ತ್ರದಿಂದ ತೂಗಿದರು ಎಂಬುದೆಲ್ಲ ಇತ್ತು. ಅವಳು ಕೇಳಿದ್ದಕ್ಕೆ ಕೊನೆಯಲ್ಲಿ ಒಂದೇ ಸಾಲಿನ ಉತ್ತರ: ಆರೋಗ್ಯ ಶಿಕ್ಷಣದ ಅಗತ್ಯವಿದೆ, ಎಂದು. ಅದೂ ಇಂಗ್ಲಿಷಿನಲ್ಲಿ!

ಅಂದು ನನ್ನ ಮಗಳ ಗುಂಪಿಗೆ ಎರಡನೆಯ ಬಹುಮಾನ ಬಂತು. ಪ್ರಮಾಣಪತ್ರ, ಮೊಮೆಂಟೊ, ಫೋಟೋ ಎಲ್ಲ ಆಯಿತು. ನಾನೂ ಚಪ್ಪಾಳೆ ತಟ್ಟಿದೆ. ಆ ಚಪ್ಪಾಳೆಯ ಬಗ್ಗೆಯೇ ಇಂದು ಬರೆಯುತ್ತಿದ್ದೇನೆ. ಕಾಲೇಜು ಯಾವುದು, ಸಭಾಂಗಣ ಯಾವುದು ಎಂದು ಕೇಳಬೇಡಿ. 1963ರಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಶುರುವಾದಾಗ ಈ ಭಾಗಕ್ಕೆ ಅದೇ ದೊಡ್ಡ ಭಾಗ್ಯವಾಗಿತ್ತು. ಈಗ ನಮ್ಮ ಊರಲ್ಲಿ ನಾಲ್ಕು ವೈದ್ಯಕೀಯ ಕಾಲೇಜುಗಳಿವೆ. ನಾನು ಹೇಳುವ ತಪ್ಪು ಯಾವುದೋ ಒಂದು ಕಟ್ಟಡದ್ದಲ್ಲ. ಅದು ಎಲ್ಲರೂ ಒಪ್ಪಿಕೊಂಡಿರುವ ರೂಢಿ. ಅದರಲ್ಲಿ ನನ್ನ ಪಾಲೂ ಇದೆ.

ಬಹುಮಾನ ಬಂದ ವಾರಕ್ಕೆ ಕಮಲಾಪುರಕ್ಕೆ ಹೋದೆ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಮಹಾಗಾಂವ್ ಕ್ರಾಸ್ ದಾಟಿದರೆ ಬಸ್ಸಿನಲ್ಲಿ ಒಂದು ಗಂಟೆಯ ಹಾದಿ. 2018ರಲ್ಲಿ ತಾಲ್ಲೂಕು ಕೇಂದ್ರವಾದರೂ ನನ್ನ ಕಣ್ಣಿಗೆ ಅದು ಇನ್ನೂ ನನ್ನ ಹಳ್ಳಿಯೇ. ತವರಲ್ಲಿ ತಮ್ಮ ಮತ್ತು ಅವನ ಹೆಂಡತಿ ಇದ್ದಾರೆ. ಸಂಶೋಧನೆಗೆಂದು ಓಡಾಡುತ್ತಿದ್ದ ದಿನಗಳಲ್ಲಿ ನನ್ನ ಮಗಳೂ ಅವಳ ಗೆಳತಿಯರೂ ಮಧ್ಯಾಹ್ನ ಉಂಡದ್ದು ಆ ಮನೆಯಲ್ಲೇ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದವಳು ಅದೇ ತಮ್ಮನ ಹೆಂಡತಿ.

ಅವಳ ಬಗ್ಗೆ ಒಂದು ಮಾತು ಒಪ್ಪಿಕೊಳ್ಳಬೇಕು. ಮೂರು ನಾಲ್ಕು ವರ್ಷಗಳಿಂದ ಅವಳು ಒಂದು ಕೊಡ ನೀರು ತಂದರೆ ಗೋಡೆಗೆ ಒರಗಿ ಕುಳಿತುಬಿಡುತ್ತಿದ್ದಳು. ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಿದ್ದಳು. ಹಿರಿಯ ನಾದಿನಿಯಾದ ನಾನು ಮನಸ್ಸಿನಲ್ಲಿ ಏನಂದುಕೊಂಡಿದ್ದೆ ಗೊತ್ತೆ? ಮೈಗಳ್ಳಿ ಎಂದು. ನಾವು ಹೆಂಗಸರು ಹೆಂಗಸರಿಗೆ ಬರೆಯುವ ಮೊದಲ ರೋಗನಿರ್ಣಯ ಅದೇ ಅಲ್ಲವೆ!

ಅಂದು ದೀಪ ಹಚ್ಚಲು ದೇವರ ಜಗುಲಿಯ ಹತ್ತಿರ ಹೋದಾಗ ಶರಣಬಸವೇಶ್ವರರ ಪಟದ ಹಿಂದೆ ಒಂದು ಮಡಿಸಿದ ಚೀಟಿ ಕಂಡಿತು. ಬಿಡಿಸಿ ನೋಡಿದೆ. ಇಂಗ್ಲಿಷಿನಲ್ಲಿ ಒಂದು ಗುರುತಿನ ಸಂಖ್ಯೆ, ವಯಸ್ಸು, ಹಿಮೋಗ್ಲೋಬಿನ್ 7.2.

"ಇದೇನು?" ಎಂದೆ.

"ಅದಾ? ನಿಮ್ಮ ಮಗಳ ಗೆಳತಿ ಕೊಟ್ಟಿದ್ದು ಯಕ್ಕಾ. ಬಟ್ಟಿಗಿ ಸೂಜಿ ಚುಚ್ಚಿ ರಕ್ತ ತಗೊಂಡ್ಳು. ಆಮ್ಯಾಗ ಈ ಚೀಟಿ ಕೊಟ್ಟು, ದವಾಖಾನಿಗಿ ತೋರ್ಸ್ರಿ ಅಂದ್ಳು. ಎಲ್ಲರಿಗೂ ಹಂಗೇ ಅಂತಿದ್ಳು. ಅಂಗಡಿ ಹುಡುಗಗ ತೋರ್ಸ್ದೆ, ಏಳು ಪಾಯಿಂಟ್ ಎರಡು ಅಂದ. ಪಾಸಾಗೀನೇನೋ ಅಂತ ಕೇಳ್ದೆ. ನಕ್ಕ."

ಅಕ್ಕಂದಿರೇ, ಬಸುರಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಇರಬೇಕು. 8ಕ್ಕಿಂತ ಕೆಳಗಿಳಿದರೆ ಅದು ತೀವ್ರ ರಕ್ತಹೀನತೆ. ಬಸುರಿಯಾದರೆ 11 ಇರಬೇಕು. ಇದನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಚೀಟಿಯ ಮೇಲಿನ ತಾರೀಕು ನೋಡಿದೆ. ಐದು ತಿಂಗಳು ಕಳೆದಿದ್ದವು. ಆ ಐದು ತಿಂಗಳಲ್ಲಿ ಅವಳ ರಕ್ತದ ಸಂಖ್ಯೆ ಕಂಪ್ಯೂಟರಿಗೆ ಹೋಯಿತು, ಸರಾಸರಿಗೆ ಸೇರಿತು, ಬಣ್ಣದ ಕಂಬವಾಯಿತು, ಫ್ಲೆಕ್ಸಾಯಿತು, ಸಭಾಂಗಣದಲ್ಲಿ ಬಹುಮಾನ ಪಡೆಯಿತು. ಅವಳಿಗೆ ಮಾತ್ರ ಅದು ಜಗುಲಿಯ ಮೇಲಿನ ಒಂದು ಕಾಗದ.

ಆಸ್ಪತ್ರೆಗೆ ಕರೆದುಕೊಂಡು ಹೋದೆ. ವೈದ್ಯೆ ಕೇಳಿದ ಮೊದಲ ಪ್ರಶ್ನೆಗೇ ಗುಟ್ಟು ಹೊರಬಿತ್ತು. ನಾಲ್ಕು ವರ್ಷಗಳಿಂದ ತಿಂಗಳಿಗೆ ಎಂಟು ಹತ್ತು ದಿನ ವಿಪರೀತ ಸ್ರಾವ. ಯಾಕೆ ಹೇಳಲಿಲ್ಲ ಎಂದರೆ, "ಯಾರ್ ಕೇಳಿದ್ರು ಯಕ್ಕಾ?" ಎಂದಳು. ಚಿಕಿತ್ಸೆ ನಡೆಯಿತು, ಸಲೈನಿನ ಜೊತೆ ಕಬ್ಬಿಣಾಂಶ ಏರಿಸಿದರು, ಈಗ ಚೇತರಿಸಿಕೊಂಡಿದ್ದಾಳೆ. ಕೊಡ ಹೊತ್ತು ತಂದು ನಿಂತೇ ಮಾತಾಡುತ್ತಾಳೆ.

ಆ ರಾತ್ರಿ ಮಗಳ ಜೊತೆ ಜಗಳವಾಯಿತು. ಅವಳೂ ಸುಮ್ಮನಿರುವವಳಲ್ಲ.

"ಮಮ್ಮಿ, ಅತ್ತೆಯ ಓಣಿ ನನ್ನ ಪಾಲಿಗೆ ಇರಲಿಲ್ಲ. ಸಂಬಂಧಿಕರ ಮನೆಗೆ ನಾವು ಹೋಗಬಾರದು ಅಂತ ಗೈಡ್ ಹೇಳಿದ್ದರು. ಹೆಸರು ಯಾರಿಗೂ ಕಾಣಬಾರದು, ಅದು ನಿಯಮ. ಎಲ್ಲರಿಗೂ ಚೀಟಿ ಕೊಟ್ಟಿದ್ದೇವೆ. ಕಡಿಮೆ ಇದ್ದವರಿಗೆ ದವಾಖಾನೆಗೆ ಹೋಗಿ ಅಂತ ಹೇಳಿದ್ದೇವೆ. ಇನ್ನೇನು ಮಾಡಬೇಕಿತ್ತು?"

ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಆ ಮಕ್ಕಳು ಬಿಸಿಲಲ್ಲಿ ಮನೆಮನೆ ಸುತ್ತಿದ್ದಾರೆ, ನಾಯಿಗಳಿಂದ ಓಡಿದ್ದಾರೆ, ರಾತ್ರಿಯೆಲ್ಲ ಕುಳಿತು ಲೆಕ್ಕ ಮಾಡಿದ್ದಾರೆ. ವಿದ್ಯಾರ್ಥಿಗಳು ಸಂಶೋಧನೆ ಮಾಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1979ರಿಂದಲೂ ಎಂಬಿಬಿಎಸ್ ಮಕ್ಕಳಿಗೆ ಎರಡು ತಿಂಗಳ ಸಂಶೋಧನಾ ವೇತನ ಕೊಡುತ್ತ ಬಂದಿದೆ; ಅದು ಒಳ್ಳೆಯ ಕೆಲಸ. ಪರೀಕ್ಷೆಗಾಗಿ ಗಿಳಿಪಾಠ ಒಪ್ಪಿಸುವುದಕ್ಕಿಂತ ಒಂದು ಊರಿನ ಹೆಂಗಸರ ರಕ್ತ ಯಾಕೆ ಕಡಿಮೆಯಾಗಿದೆ ಎಂದು ಹುಡುಕುವುದು ಸಾವಿರ ಪಾಲು ಮೇಲು. ನನ್ನ ತಕರಾರು ಅವರು ನಿಲ್ಲಿಸಿದ ಜಾಗದ ಬಗ್ಗೆ. ಫ್ಲೆಕ್ಸಿಗೆ ಬಂದು ಕೆಲಸ ಮುಗಿಯಿತು ಎನ್ನುವುದನ್ನು ಅವರಿಗೆ ಕಲಿಸಿದವರು ದೊಡ್ಡವರು.

ಅವರ ಫ್ಲೆಕ್ಸಿನ ಅಂಕಿಗಳನ್ನು ನಾನು ಇಲ್ಲಿ ಬರೆಯುವುದಿಲ್ಲ, ಅವು ಇನ್ನೂ ಎಲ್ಲೂ ಅಚ್ಚಾಗಿಲ್ಲದ ವಿದ್ಯಾರ್ಥಿಗಳ ಲೆಕ್ಕ. ಸರ್ಕಾರದ ಲೆಕ್ಕವೇ ಸಾಕು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದದ್ದು 2019-21ರಲ್ಲಿ. ಅದರ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ. ಅದರ ಹಿಂದಿನ 2015-16ರ ಸಮೀಕ್ಷೆಯಲ್ಲಿ ಅದು 44.8 ಇತ್ತು. ಇಡೀ ದೇಶದ ಅಂಕಿ 53ರಿಂದ 57ಕ್ಕೆ ಏರಿದೆ. ಅಳೆಯುವವರು ಹೆಚ್ಚಾದರು, ಫ್ಲೆಕ್ಸುಗಳು ಹೆಚ್ಚಾದವು, ರಕ್ತ ಹೆಚ್ಚಲಿಲ್ಲ! ಅಳೆದ ಸುದ್ದಿ ಅಳೆಸಿಕೊಂಡವಳಿಗೆ ಮುಟ್ಟದಿದ್ದರೆ ಹೆಚ್ಚುವುದಾದರೂ ಹೇಗೆ?

ಇದಕ್ಕೆ ಸಿಗುವ ಉತ್ತರಗಳು ನನಗೆ ಗೊತ್ತು. ಈ ಒಂದು ವರ್ಷದಲ್ಲಿ ಬೇಕಾದಷ್ಟು ಕೇಳಿದ್ದೇನೆ.

ಮೊದಲನೆಯದು, ಗೋಪ್ಯತೆ. ಹೆಸರನ್ನು ಮುಚ್ಚಿಡಿ ಎಂದರೆ ಸುದ್ದಿಯನ್ನೂ ಮುಚ್ಚಿಡಿ ಎಂದಲ್ಲ. ಅವಳ ಹೆಸರು ಫ್ಲೆಕ್ಸಿನ ಮೇಲೆ ಬರಬಾರದು, ನಿಜ. ಆದರೆ ಅವಳ ಸಂಖ್ಯೆ ಅವಳ ಕಿವಿಗೆ ಅವಳ ಭಾಷೆಯಲ್ಲಿ ಬೀಳಬೇಕು. ಮನುಷ್ಯರ ಮೇಲಿನ ಸಂಶೋಧನೆಗೆಂದು ವಿಶ್ವ ವೈದ್ಯಕೀಯ ಸಂಘ 1964ರಲ್ಲಿ ಹೆಲ್ಸಿಂಕಿ ಘೋಷಣೆ ಎಂಬ ನೀತಿಸಂಹಿತೆಯನ್ನು ಮಾಡಿತು. ಸಂಶೋಧನೆಯಲ್ಲಿ ಪಾಲ್ಗೊಂಡವರಿಗೆ ಅದರ ಫಲಿತಾಂಶ ತಿಳಿದುಕೊಳ್ಳುವ ಅವಕಾಶ ಇರಬೇಕು ಎಂದು 2013ರ ಪರಿಷ್ಕರಣೆಯಲ್ಲೇ ಸ್ಪಷ್ಟವಾಗಿ ಹೇಳಿದ್ದಾರೆ. 2024ರಲ್ಲಿ ಮತ್ತೆ ತಿದ್ದಿದಾಗ ಇನ್ನೊಂದು ಬದಲಾವಣೆ ಮಾಡಿದರು. ಅಲ್ಲಿಯವರೆಗೆ ಇಂಥವರನ್ನು 'ಸಬ್ಜೆಕ್ಟ್' ಎನ್ನುತ್ತಿದ್ದರು. ರಾಜನ ಕೈಕೆಳಗಿನ ಪ್ರಜೆಗೂ ಇಂಗ್ಲಿಷಿನಲ್ಲಿ ಅದೇ ಮಾತು. ಅದನ್ನು ತೆಗೆದು 'ಪಾಲುದಾರ' ಎಂಬ ಅರ್ಥದ ಮಾತನ್ನು ಇಟ್ಟರು. ಆದರೆ ಪಾಲು ಎಲ್ಲಿ? ನಮ್ಮಲ್ಲಿ ಈಗ ಎಂಬಿಬಿಎಸ್ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು 'ದತ್ತು' ತೆಗೆದುಕೊಳ್ಳಬೇಕೆಂಬ ಪದ್ಧತಿ ಬಂದಿದೆ. ದಿನಾ ರೊಟ್ಟಿ ಬಡಿದು ಹಾಕಿದವಳು ನನ್ನ ತಮ್ಮನ ಹೆಂಡತಿ. ಯಾರು ಯಾರನ್ನು ದತ್ತು ತೆಗೆದುಕೊಂಡ ಹಾಗಾಯಿತು?

ಎರಡನೆಯ ಉತ್ತರ: ವಿಜ್ಞಾನದ ಭಾಷೆ ಇಂಗ್ಲಿಷು, ಕನ್ನಡದಲ್ಲಿ ಇವೆಲ್ಲ ಹೇಳಲಾಗುವುದಿಲ್ಲ. ಇದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಕವಿರಾಜಮಾರ್ಗ ಹುಟ್ಟಿದ ಮಳಖೇಡ ನಮ್ಮದೇ ಜಿಲ್ಲೆಯಲ್ಲಿದೆ. ಕಮಲಾಪುರದ ಬಸ್ಸು ಹೋಗುವ ರಸ್ತೆಯಲ್ಲೇ ಮುಂದೆ ಹುಮನಾಬಾದ್ ದಾಟಿ ಹೋದರೆ ಕಲ್ಯಾಣ. ಪಂಡಿತರ ಭಾಷೆಯಲ್ಲಿದ್ದದ್ದನ್ನು ಮಡಿವಾಳರಿಗೂ ಸೂಳೆಯರಿಗೂ ತಿಳಿಯುವ ಮಾತಿಗೆ ತಂದವರು ನಡೆದಾಡಿದ ನೆಲ ಅದು. ನಾವು ಅದೇ ರಸ್ತೆಯಲ್ಲಿ ಹಿಂದಕ್ಕೆ ಹೊರಟಿದ್ದೇವೆ, ಹೆಂಗಸರ ನೋವನ್ನು ಅವರ ಮಾತಿನಿಂದ ತೆಗೆದು ಪಂಡಿತರ ಮಾತಿಗೆ ಸಾಗಿಸುತ್ತಿದ್ದೇವೆ. ವೈದ್ಯಶಾಸ್ತ್ರಕ್ಕೆ ದೇಶಭಾಷೆ ಸಾಲದೆನ್ನುವವರು ನಮ್ಮ ಹಳೆಯ ರಾಜಧಾನಿಯನ್ನೇ ನೋಡಲಿ. 1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯವನ್ನೂ ಉರ್ದುವಿನಲ್ಲೇ ಕಲಿಸಿದರು. ಕನ್ನಡದಲ್ಲಿ ಮಾತು ಸಾಲದೆನ್ನುವವರು ಡಾ. ಅನುಪಮಾ ನಿರಂಜನ ಅವರ 'ತಾಯಿ ಮಗು', 'ಕೇಳು ಕಿಶೋರಿ' ಓದಲಿ. ಮುಟ್ಟು, ಬಸಿರು, ಬಾಣಂತನಗಳ ಬಗ್ಗೆ ನನ್ನ ಓರಗೆಯ ಎಷ್ಟೋ ಹುಡುಗಿಯರು ಮೊದಲು ತಿಳಿದದ್ದು ಆ ಪುಸ್ತಕಗಳನ್ನು ಕದ್ದು ಓದಿ. ಅವರಿಗೆ ಮಾತು ಸಾಲದೆ ಹೋಗಲಿಲ್ಲ.

ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ಸಭಾಂಗಣಕ್ಕೆ ಇಂಗ್ಲಿಷ್ ಫ್ಲೆಕ್ಸ್ ಇರಲಿ, ಕಮಲಾಪುರಕ್ಕೆ ಕನ್ನಡದ್ದೂ ಒಂದು ಇರಲಿ. ಪೋಸ್ಟರಿನ ಪದ್ಧತಿ ಬಂದದ್ದೇ ಮಾತುಕತೆಗಾಗಿ. ವೇದಿಕೆಯ ಮೇಲೆ ಭಾಷಣ ಮಾಡುವ ಬದಲು ಕೆಲಸ ಮಾಡಿದವನು ತನ್ನ ಹಲಗೆಯ ಪಕ್ಕ ನಿಲ್ಲುತ್ತಾನೆ, ದಾರಿಯಲ್ಲಿ ಹೋಗುವವರು ನಿಂತು ಕೇಳುತ್ತಾರೆ. ಹಾಗಿದ್ದರೆ ದಾರಿಯಲ್ಲಿ ಹೋಗುವವರು ಯಾರಿರಬೇಕು? ಅಂದು ಆ ಫ್ಲೆಕ್ಸಿನ ಮುಂದೆ ನಿಜವಾದ ಪ್ರಶ್ನೆ ಕೇಳಿದವಳು ಕಸಬರಿಗೆ ಹಿಡಿದವಳು ಮಾತ್ರ. ಅವಳ ಕೈಯಲ್ಲಿ ಅಂಕಪಟ್ಟಿ ಇರಲಿಲ್ಲ.

ಮೂರನೆಯ ಉತ್ತರ ಎಲ್ಲಕ್ಕಿಂತ ಕೆಟ್ಟದ್ದು: ಹೇಳಿದರೂ ಅವರಿಗೆ ತಿಳಿಯುವುದಿಲ್ಲ. ನಮ್ಮ ಅಜ್ಜಿಯ ಕಾಲದಲ್ಲಿ, 1948ಕ್ಕೆ ಮುಂಚೆ, ನಿಜಾಮರ ಕಚೇರಿಯ ಕಾಗದಗಳು ಉರ್ದುವಿನಲ್ಲಿ ಬರುತ್ತಿದ್ದವು. ಹೊಲದ ಕಾಗದವೆಂದು ಹೇಳಿದ್ದಕ್ಕೆ ಅಜ್ಜಿ ಹೆಬ್ಬೆಟ್ಟು ಒತ್ತಿದ್ದಳು. ಅದರಲ್ಲಿ ಏನಿತ್ತು ಎಂದು ಸಾಯುವವರೆಗೂ ಅವಳಿಗೆ ಗೊತ್ತಾಗಲಿಲ್ಲ. "ಅವರು ಓದಿ ಹೇಳಲಿಲ್ಲ, ನಾ ಕೇಳಲಿಲ್ಲ" ಎನ್ನುತ್ತಿದ್ದಳು. ನಿಜಾಮರು ಹೋದರು, 1956ರಲ್ಲಿ ನಾವು ಕನ್ನಡ ನಾಡಿಗೆ ಸೇರಿದೆವು, 2014ರಲ್ಲಿ ಗುಲಬರ್ಗಾ ಕಲಬುರಗಿಯಾಯಿತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಅಜ್ಜಿಯ ಹೆಬ್ಬೆಟ್ಟಿಗೂ ಈ ಸೊಸೆಯ ಬೆರಳಿಗೆ ಚುಚ್ಚಿದ ಸೂಜಿಗೂ ನಡುವೆ ಮುಕ್ಕಾಲು ಶತಮಾನ ಕಳೆದಿದೆ. ಕಾಗದ ಇನ್ನೂ ಓದಲು ಬಾರದ ಭಾಷೆಯಲ್ಲೇ ಬರುತ್ತಿದೆ!

ಇಷ್ಟು ಬೈದ ಮೇಲೆ ನನ್ನನ್ನೂ ಬೈದುಕೊಳ್ಳಬೇಕು. ಕನ್ನಡ ಮಾಧ್ಯಮದ ಶಾಲೆಯಲ್ಲಿ ಸಂಬಳ ತಿಂದು, ನನ್ನ ಮಗಳನ್ನು ಎಲ್‌ಕೆಜಿಯಿಂದ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದವಳು ನಾನು. ಮನೆಯಲ್ಲಿ ಅವಳು ಕನ್ನಡ ಮಾತಾಡಿದಳು, ಬರೆಯಲಿಲ್ಲ. "ಹಾಗಾದರೆ ಕನ್ನಡದಲ್ಲಿ ಬರೆದುಕೊಡು" ಎಂದು ಆ ರಾತ್ರಿ ಸವಾಲು ಹಾಕಿದಾಗ ಅವಳು ಸಿಟ್ಟಿನಿಂದ ಹೇಳಿದ ಮಾತು ಇನ್ನೂ ಚುಚ್ಚುತ್ತದೆ: "ನನಗೆ ಕನ್ನಡ ಬರೆಯಲು ಬರಲ್ಲ ಮಮ್ಮಿ. ಬರದ ಹಾಗೆ ಮಾಡಿದ್ದು ಯಾರು?"

ನಾನು ಬಾಯಿ ಮುಚ್ಚಿಕೊಂಡೆ. ಆದರೆ ಅವಳು ಬರೆದಳು. ಒಂದು ಡ್ರಾಯಿಂಗ್ ಹಾಳೆ, ಎರಡು ಸ್ಕೆಚ್ ಪೆನ್ನು. ಕಾಗುಣಿತ ನಾನು ತಿದ್ದಿದೆ. ಉಂಡ ಕೂಡಲೇ ಚಹಾ ಕುಡಿಯಬೇಡಿ, ಅದು ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತದೆ. ಒಂದು ತಾಸು ತಡೆಯಿರಿ. ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ. ಬಸುರಿಯಾದವರು 180 ದಿನ ದಿನಕ್ಕೊಂದು ಕೆಂಪು ಗುಳಿಗೆ, ಉಳಿದ ಹೆಂಗಸರು ವಾರಕ್ಕೊಂದು. ಶಾಲೆಯ ದೊಡ್ಡ ಹುಡುಗಿಯರಿಗೆ ವಾರಕ್ಕೊಂದು ನೀಲಿ ಗುಳಿಗೆ. ಮುಟ್ಟಿನ ಸ್ರಾವ ವಿಪರೀತವಾದರೆ ನಾಚದೆ ತೋರಿಸಿ. ಚೀಟಿಯಲ್ಲಿ 8ಕ್ಕಿಂತ ಕಡಿಮೆ ಇದ್ದರೆ ನಾಳೆಗೆ ಇಡಬೇಡಿ. ಇಷ್ಟೇ. ಒಂದು ಭಾನುವಾರ ಕಮಲಾಪುರದ ಅಂಗನವಾಡಿಯ ಗೋಡೆಗೆ ಅಂಟಿಸಿ ನಾಲ್ವರು ಹುಡುಗಿಯರೂ ಪಕ್ಕದಲ್ಲಿ ನಿಂತರು.

ತೊಗರಿ ರಾಶಿಯ ಕಾಲ. ಬಂದವರು ಹನ್ನೊಂದು ಮಂದಿ. ತಲೆಬರಹದಲ್ಲಿ 'ರಕ್ತಹೀನತೆ' ಎಂದಿತ್ತು. ನನ್ನ ತಮ್ಮನ ಹೆಂಡತಿ ಅದನ್ನು ಅಕ್ಷರ ಕೂಡಿಸಿ ಓದಿ, "ಹೀನ ಅಂದ್ರ ಬೈದಂಗ ಆಗ್ತದಲ್ಲ ಯವ್ವಾ. ನಮ್ಮ ರಕ್ತ ಹೀನ ಅಲ್ಲ, ಕಮ್ಮಿ ಅದ" ಎಂದಳು. ಮಗಳು ಅಲ್ಲೇ ಅದನ್ನು ಹೊಡೆದುಹಾಕಿ 'ರಕ್ತ ಕಮ್ಮಿ' ಎಂದು ಬರೆದಳು. ಯಾವ ತೀರ್ಪುಗಾರರೂ ಮಾಡದ ತಿದ್ದುಪಡಿ. ಇಬ್ಬರು ಹೆಂಗಸರು ಸೀರೆಯ ಸೆರಗಿನಿಂದ ತಮ್ಮ ಚೀಟಿ ಬಿಚ್ಚಿ ತೋರಿಸಿದರು. ಒಬ್ಬಳದು 9 ಇತ್ತು, ಇನ್ನೊಬ್ಬಳದು 7ರ ಹತ್ತಿರ. ಅವಳನ್ನು ಮರುದಿನವೇ ಆಶಾ ಕಾರ್ಯಕರ್ತೆ ದವಾಖಾನೆಗೆ ಕರೆದುಕೊಂಡು ಹೋದಳು. ಬಾರದೆ ಹೊಲಕ್ಕೆ ಹೋದವರ ಚೀಟಿಗಳು ಯಾವ ಪಟದ ಹಿಂದೆ ಇವೆಯೋ ನನಗೆ ಗೊತ್ತಿಲ್ಲ. ಒಂದು ಭಾನುವಾರದ ಕೆಲಸವಲ್ಲ ಇದು, ನಾಲ್ಕು ಹುಡುಗಿಯರ ಒಳ್ಳೆಯತನಕ್ಕೆ ಬಿಡುವ ಕೆಲಸವೂ ಅಲ್ಲ.

ಆದ್ದರಿಂದ ಕಾಲೇಜುಗಳನ್ನು ನಡೆಸುವವರಿಗೆ ನನ್ನ ಬೇಡಿಕೆ ಮೂರೇ. ರಕ್ತ ಕೊಟ್ಟವಳಿಗೆ ಕೊಡುವ ಚೀಟಿ ಕನ್ನಡದಲ್ಲಿರಲಿ, ಬೀದರಿನ ಗಡಿಯಲ್ಲಿ ಮರಾಠಿಯಲ್ಲಿ, ಬೇಕಾದಲ್ಲಿ ಉರ್ದುವಿನಲ್ಲಿ. ಸಂಖ್ಯೆಯ ಪಕ್ಕ ಅದರ ಅರ್ಥ, ಮುಂದೇನು ಮಾಡಬೇಕೆಂಬ ಮಾತು ಬರೆದಿರಲಿ. ಊರಿಗೆ ಮರಳಿ ಹೋಗಿ ಫಲಿತಾಂಶ ಹೇಳಿದ ಗುಂಪಿಗೆ ಮಾತ್ರ ಸಭಾಂಗಣದಲ್ಲಿ ಹಲಗೆ ಸಿಗಲಿ. ಮತ್ತು ಅಂಕ ಕೊಡುವವರಲ್ಲಿ ಒಬ್ಬಳು ಆ ಊರಿನ ಹೆಂಗಸಾಗಿರಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಅನುದಾನ ಬೇಡ. ಹೆಂಗಸರಿಗೆ ಕಲಬುರಗಿಯ ಬಸ್ಸು 2023ರಿಂದ ಪುಕ್ಕಟೆಯೇ ಇದೆ.

ಓದುವ ಅಕ್ಕತಂಗಿಯರಿಗೂ ಒಂದು ಮಾತು. ಪಟ್ಟಣದ ನಮ್ಮ ಮನೆಗಳಿಗೂ ಬಿಳಿ ಕೋಟಿನ ಮಕ್ಕಳು ಕಾಗದ ಹಿಡಿದು ಬರುತ್ತಾರೆ. ಬಾಗಿಲು ಹಾಕಬೇಡಿ, ಕೂರಿಸಿ ನೀರು ಕೊಡಿ, ಬೆರಳನ್ನೂ ಕೊಡಿ. ಆದರೆ ಸಹಿ ಹಾಕುವ ಮುನ್ನ ಕೇಳಿ: ನನ್ನ ಸಂಖ್ಯೆಯನ್ನು ನನಗೆ ಯಾವಾಗ ಹೇಳುತ್ತೀರಿ? ಯಾವ ಭಾಷೆಯಲ್ಲಿ ಹೇಳುತ್ತೀರಿ? ಕಡಿಮೆ ಇದ್ದರೆ ಯಾರ ಹತ್ತಿರ ಕಳಿಸುತ್ತೀರಿ? ನಿಮ್ಮ ಮನೆಗೆ ಪಾತ್ರೆ ತಿಕ್ಕಲು ಬರುವವಳ ಪರವಾಗಿಯೂ ಕೇಳಿ. ಅವಳು ಗೋಡೆಗೆ ಒರಗಿ ಕೂತರೆ ಮೈಗಳ್ಳಿ ಎನ್ನುವ ಮುಂಚೆ ಅವಳ ಕಣ್ಣಿನ ಕೆಳರೆಪ್ಪೆಯ ಒಳಗಡೆ ಒಮ್ಮೆ ನೋಡಿ. ಬಿಳಿಚಿಕೊಂಡಿದ್ದರೆ ಅವತ್ತೇ ದವಾಖಾನೆಗೆ ಕರೆದುಕೊಂಡು ಹೋಗಿ. ನಾನು ನಾಲ್ಕು ವರ್ಷ ನೋಡಲಿಲ್ಲ.